ಡೇಟಾಬೇಸ್ ಪ್ರಾಜೆಕ್ಟ್ ತೆರೆಯದಿದ್ದಾಗ: ವಿಷುವಲ್ ಸ್ಟುಡಿಯೊದಲ್ಲಿ ಕಾಣೆಯಾಗುವ ಟೂಲ್‌ಗಳ ಕುರಿತು

ವಿಷುವಲ್ ಸ್ಟುಡಿಯೊದಲ್ಲಿ ಒಂದು ದೊಡ್ಡ ಸೊಲ್ಯೂಷನ್ ತೆರೆದಾಗ ವೆಬ್ ಭಾಗ, ಸರ್ವಿಸ್ ಭಾಗ, ಟೆಸ್ಟ್ ಭಾಗ ಎಲ್ಲವೂ ಸರಿಯಾಗಿ ತೆರೆದುಕೊಂಡು, ಡೇಟಾಬೇಸ್ ಪ್ರಾಜೆಕ್ಟ್ ಮಾತ್ರ ಬೂದುಬಣ್ಣಕ್ಕೆ ತಿರುಗಿರುವುದನ್ನು ಡಾಟ್‌ನೆಟ್ ಕೆಲಸ ಮಾಡುವ ಹೆಚ್ಚಿನವರು ಒಮ್ಮೆಯಾದರೂ ಕಂಡಿರುತ್ತಾರೆ. ಹೆಸರಿನ ಪಕ್ಕದಲ್ಲಿ ‘ಇನ್‌ಕಂಪ್ಯಾಟಿಬಲ್’ ಎಂದೋ ‘ಅನ್‌ಲೋಡೆಡ್’ ಎಂದೋ ಬರೆದಿರುತ್ತದೆ. ಔಟ್‌ಪುಟ್ ಕಿಟಕಿಯಲ್ಲಿ, ಈ ಬಗೆಯ ಪ್ರಾಜೆಕ್ಟ್‌ಗೆ ಬೇಕಾದ ಅಪ್ಲಿಕೇಶನ್ ಸಿಗಲಿಲ್ಲ ಎಂಬ ಅರ್ಥದ ಒಂದು ಸಾಲು. ಅದರ ಜೊತೆಗೊಂದು ಲಿಂಕ್. ಲಿಂಕಿನ ತುದಿಯಲ್ಲಿ 00ಡಿ1ಎ9ಸಿ2 ಎಂದು ಶುರುವಾಗುವ ಉದ್ದನೆಯ ಗುರುತುಸಂಖ್ಯೆ. ಆ ಸಂಖ್ಯೆಯೇ ನಿಜವಾದ ಸುಳಿವು ಎಂಬುದು ಗೊತ್ತಿಲ್ಲದವರು ಲಿಂಕ್ ಒತ್ತಿ, ಅಲ್ಲಿಂದ ಇನ್ನೊಂದು ಪುಟಕ್ಕೆ ಹೋಗಿ, ಕೊನೆಗೆ ಪ್ರಾಜೆಕ್ಟನ್ನು ಹಾಗೆಯೇ ಬಿಟ್ಟು ತಮ್ಮ ಸಿ ಶಾರ್ಪ್ ಕೋಡಿಗೆ ಮರಳುತ್ತಾರೆ.

ಹಾಗೆ ಬಿಟ್ಟುಬಿಡುವುದೇ ಈ ತೊಂದರೆಯ ದುಬಾರಿ ಭಾಗ. ಟೂಲ್ ಇಲ್ಲದಿದ್ದರೂ ಉಳಿದ ಕೆಲಸ ನಡೆಯುತ್ತದೆ. ಹೊಸ ಕಾಲಮ್ ಬೇಕಾದವರು ಮ್ಯಾನೇಜ್‌ಮೆಂಟ್ ಸ್ಟುಡಿಯೊ ತೆರೆದು ಡೆವ್ ಸರ್ವರ್‌ನಲ್ಲಿ ನೇರವಾಗಿ ಸೇರಿಸುತ್ತಾರೆ, ಸ್ಕ್ರಿಪ್ಟನ್ನು ಮೇಲ್‌ನಲ್ಲಿ ಕಳಿಸುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಸೋರ್ಸ್ ಕಂಟ್ರೋಲ್‌ನಲ್ಲಿರುವ ಡೇಟಾಬೇಸ್ ಬೇರೆ, ಸರ್ವರ್‌ನಲ್ಲಿರುವ ಡೇಟಾಬೇಸ್ ಬೇರೆ ಆಗಿರುತ್ತದೆ. ಆಮೇಲೆ ಯಾರೋ ಒಬ್ಬರು ಟೂಲ್ ಹಾಕಿಕೊಂಡು ಪಬ್ಲಿಷ್ ಒತ್ತಿದ ದಿನ, ಕೈಯಿಂದ ತಿದ್ದಿದ ಪ್ರೊಸೀಜರ್‌ಗಳೆಲ್ಲ ಹಳೆಯ ರೂಪಕ್ಕೆ ಮರಳುತ್ತವೆ.

ಡೇಟಾಬೇಸ್ ಪ್ರಾಜೆಕ್ಟ್ ಏನು ಮಾಡುತ್ತದೆ ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಪ್ರತಿ ಟೇಬಲ್, ವ್ಯೂ, ಪ್ರೊಸೀಜರ್‌ಗೂ ಒಂದೊಂದು ಫೈಲ್. ಪ್ರತಿ ಫೈಲ್‌ನಲ್ಲೂ ಅದು ಕೊನೆಗೆ ಹೇಗಿರಬೇಕು ಎಂಬ ಕ್ರಿಯೇಟ್ ಹೇಳಿಕೆ. ಈಗಿನ ಸ್ಥಿತಿಯಿಂದ ಆ ಸ್ಥಿತಿಗೆ ಹೋಗುವ ಆಲ್ಟರ್ ಹೇಳಿಕೆಗಳನ್ನು ನಾವು ಬರೆಯುವುದಿಲ್ಲ, ಟೂಲ್ ಬರೆಯುತ್ತದೆ. ಬಿಲ್ಡ್ ಮಾಡಿದಾಗ ಎಲ್ಲ ಫೈಲ್‌ಗಳನ್ನು ಓದಿ, ಒಂದು ಪ್ರೊಸೀಜರ್ ಬಳಸುವ ಕಾಲಮ್ ನಿಜಕ್ಕೂ ಇದೆಯೇ ಎಂದು ನೋಡಿ, ಡ್ಯಾಕ್‌ಪ್ಯಾಕ್ ಎಂಬ ಕಟ್ಟನ್ನು ಕೊಡುತ್ತದೆ. ಈ ಡ್ಯಾಕ್‌ಪ್ಯಾಕ್ ಬೇರೇನಲ್ಲ, ಒಂದು ಜಿಪ್ ಫೈಲ್. ಹೆಸರು ಬದಲಿಸಿ ಬಿಚ್ಚಿದರೆ ಒಳಗೆ ಇಡೀ ಡೇಟಾಬೇಸಿನ ರೂಪವನ್ನು ಬಣ್ಣಿಸುವ ಎಕ್ಸ್‌ಎಂಎಲ್ ಸಿಗುತ್ತದೆ. ಪಬ್ಲಿಷ್ ಮಾಡುವಾಗ ಅದನ್ನು ಸರ್ವರ್‌ನಲ್ಲಿರುವುದಕ್ಕೆ ಹೋಲಿಸಿ ವ್ಯತ್ಯಾಸದಷ್ಟಕ್ಕೆ ಸ್ಕ್ರಿಪ್ಟ್ ತಯಾರಾಗುತ್ತದೆ. ದತ್ತಾಂಶ ಕಳೆದುಹೋಗುವ ಸಾಧ್ಯತೆ ಕಂಡರೆ ನಿಲ್ಲಿಸಬೇಕು ಎಂಬ ಆಯ್ಕೆ ಮೊದಲಿನಿಂದಲೇ ಆನ್ ಆಗಿರುತ್ತದೆ.

ಕನ್ನಡದ ಡೇಟಾ ಇರುವ ಕಡೆ ಇದರ ಬೆಲೆ ಇನ್ನೂ ಹೆಚ್ಚು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕನ್ನಡಕ್ಕೆ ಪ್ರತ್ಯೇಕವಾದ ಹಳೆಯ ಕೋಡ್ ಪೇಜ್ ಇಲ್ಲ, ಇರುವುದು ಯೂನಿಕೋಡ್ ಮಾತ್ರ. ಹೆಸರಿನ ಕಾಲಮ್ಮನ್ನು ಯಾರೋ ಅವಸರದಲ್ಲಿ ಎನ್‌ವಾರ್‌ಚಾರ್ ಬದಲು ವಾರ್‌ಚಾರ್ ಎಂದು ಮಾಡಿದರೆ, 2019ರ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬಂದ ಯುಟಿಎಫ್-8 ಕೊಲೇಶನ್ ಬಳಸದಿದ್ದಲ್ಲಿ, ‘ಶಿವಮೊಗ್ಗ’ ಎಂಬುದು ಸಾಲುಗಟ್ಟಿದ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕೂರುತ್ತದೆ. ಮೂಲ ಅಕ್ಷರ ಮತ್ತೆ ಸಿಗುವುದಿಲ್ಲ. ಸ್ಟ್ರಿಂಗಿನ ಮುಂದೆ ‘ಎನ್’ ಹಾಕದೆ ಬರೆದ ಪೋಸ್ಟ್ ಡಿಪ್ಲಾಯ್‌ಮೆಂಟ್ ಸ್ಕ್ರಿಪ್ಟಿಗೂ ಇದೇ ಗತಿ. ಇಂಥ ಬದಲಾವಣೆ ಪ್ರಾಜೆಕ್ಟ್‌ನ ಫೈಲ್‌ನಲ್ಲಿ ಆದರೆ ರಿವ್ಯೂ ಮಾಡುವವರ ಕಣ್ಣಿಗೆ ಬೀಳುತ್ತದೆ, ಅಲ್ಲಿಯೇ ತಡೆಯಬಹುದು. ಸರ್ವರ್‌ನಲ್ಲಿ ಕೈಯಿಂದ ಮಾಡಿದರೆ, ದಾಖಲೆಯಲ್ಲಿ ತಮ್ಮ ಊರಿನ ಹೆಸರು ಕಾಣದೆ ಹೋದ ನಾಗರಿಕರೇ ಬಂದು ಹೇಳಬೇಕಾಗುತ್ತದೆ.

ಇಷ್ಟು ಉಪಯುಕ್ತವಾದ ಟೂಲ್ ಪದೇ ಪದೇ ಕಾಣೆಯಾಗುವುದು ಏಕೆ? ಉತ್ತರ ಅದರ ಚರಿತ್ರೆಯಲ್ಲಿದೆ. ಬಾಡಿಗೆ ಮನೆ ಬದಲಿಸುತ್ತಲೇ ಇರುವವರ ಅಂಚೆ ಹಳೆಯ ವಿಳಾಸಕ್ಕೆ ಹೋಗಿ ಬೀಳುವಂತೆ, ಈ ಟೂಲ್‌ನ ಬಗ್ಗೆ ನಮಗೆ ಸಿಗುವ ಹೆಚ್ಚಿನ ಸಲಹೆಗಳು ಅದು ಹಿಂದೆ ಇದ್ದ ಜಾಗಕ್ಕೆ ಕಳಿಸುತ್ತವೆ.

ಮೊದಲ ರೂಪ ಬಂದದ್ದು 2006ರ ಕೊನೆಯಲ್ಲಿ, ವಿಷುವಲ್ ಸ್ಟುಡಿಯೊ 2005ರ ಟೀಮ್ ಸಿಸ್ಟಮ್ ಸಾಲಿನಲ್ಲಿ, ಡೇಟಾಬೇಸ್ ವೃತ್ತಿಪರರಿಗಾಗಿ ಎಂಬ ಪ್ರತ್ಯೇಕ ಆವೃತ್ತಿಯಾಗಿ. ಮೈಕ್ರೊಸಾಫ್ಟ್ ಒಳಗೆ ಅದನ್ನು ‘ಡೇಟಾ ಡ್ಯೂಡ್’ ಎಂದು ಕರೆಯುತ್ತಿದ್ದರು, ಆ ಹೆಸರು ಹೊರಗೂ ಉಳಿಯಿತು. ಆಗ ಸ್ಕ್ರಿಪ್ಟ್‌ಗಳನ್ನು ಪರಿಶೀಲಿಸಲು ಯಂತ್ರದಲ್ಲಿ ಒಂದು ಎಸ್‌ಕ್ಯೂಎಲ್ ಸರ್ವರ್ ಓಡುತ್ತಿರಬೇಕಿತ್ತು. 2008ರ ಕೊನೆಯಲ್ಲಿ ಬಂದ ಜಿಡಿಆರ್ ಬಿಡುಗಡೆ ಆ ಅವಲಂಬನೆಯನ್ನು ತೆಗೆದು, ಇಡೀ ಡೇಟಾಬೇಸನ್ನು ಮೆಮೊರಿಯಲ್ಲೇ ಒಂದು ಮಾದರಿಯಾಗಿ ಕಟ್ಟಿಕೊಳ್ಳುವ ಪದ್ಧತಿ ತಂದಿತು. ಇಂದಿನ ಟೂಲ್‌ನ ಬೇರು ಅಲ್ಲಿದೆ. ವಿಷುವಲ್ ಸ್ಟುಡಿಯೊ 2010ರಲ್ಲಿ ಅದೇ ಪರಂಪರೆ ಡಿಬಿಪ್ರೊಜ್ ಎಂಬ ಎಕ್ಸ್‌ಟೆನ್ಶನ್ನಿನ ಫೈಲ್‌ಗಳೊಂದಿಗೆ ಮುಂದುವರಿಯಿತು. ಪೂರ್ಣ ಸೌಲಭ್ಯ ಬೇಕಾದವರು ಪ್ರೀಮಿಯಂ ಅಥವಾ ಅಲ್ಟಿಮೇಟ್ ಕೊಳ್ಳಬೇಕಿತ್ತು. ಒಂದೇ ಕಚೇರಿಯಲ್ಲಿ ಒಬ್ಬರಿಗೆ ತೆರೆದುಕೊಂಡ ಪ್ರಾಜೆಕ್ಟ್ ಪಕ್ಕದವರಿಗೆ ಸರಿಯಾಗಿ ಬಾರದಿದ್ದುದಕ್ಕೆ ಆ ಕಾಲದಲ್ಲಿ ಲೈಸೆನ್ಸಿನ ವ್ಯತ್ಯಾಸವೇ ಎಷ್ಟೋ ಸಲ ಕಾರಣವಾಗಿತ್ತು.

2012ರ ಮಾರ್ಚ್‌ನಲ್ಲಿ ಎಸ್‌ಕ್ಯೂಎಲ್ ಸರ್ವರ್ 2012ರ ಜೊತೆ ಎಸ್‌ಕ್ಯೂಎಲ್ ಸರ್ವರ್ ಡೇಟಾ ಟೂಲ್ಸ್, ಅಂದರೆ ಎಸ್‌ಎಸ್‌ಡಿಟಿ ಬಂತು. ತಯಾರಿಯ ಹಂತದಲ್ಲಿ ಅದರ ಹೆಸರು ‘ಜೂನೋ’. ಫೈಲ್ ಈಗ ಎಸ್‌ಕ್ಯೂಎಲ್‌ಪ್ರೊಜ್ ಆಯಿತು. ಹಳೆಯ ಡಿಬಿಪ್ರೊಜ್ ಫೈಲನ್ನು ವಿಷುವಲ್ ಸ್ಟುಡಿಯೊ 2012 ತೆರೆಯುವುದಿಲ್ಲ, ಹೊಸ ಬಗೆಗೆ ಬದಲಾಯಿಸಲೇಬೇಕು. ಹಳೆಯದರಲ್ಲಿದ್ದ, ಟೆಸ್ಟಿಗಾಗಿ ಡೇಟಾ ಹುಟ್ಟಿಸುವ ಸೌಲಭ್ಯ ಹೊಸದಕ್ಕೆ ಬರಲಿಲ್ಲ. ಡೇಟಾಬೇಸ್ ಯೂನಿಟ್ ಟೆಸ್ಟಿಂಗ್ ತಡವಾಗಿ ಬಂತು. ‘ಹೋದ ವರ್ಷ ಇದ್ದದ್ದು ಈಗ ಎಲ್ಲಿ’ ಎಂಬ ಪ್ರಶ್ನೆ ಆ ದಿನಗಳಲ್ಲಿ ನ್ಯಾಯವಾದದ್ದೇ ಆಗಿತ್ತು.

ಅದರ ಮೇಲೊಂದು ಹೆಸರಿನ ಗೊಂದಲ ಸೇರಿಕೊಂಡಿತು. 2005ರಿಂದ 2008 ಆರ್2ವರೆಗೆ ಇಂಟಿಗ್ರೇಷನ್ ಸರ್ವಿಸಸ್, ಅನಾಲಿಸಿಸ್ ಸರ್ವಿಸಸ್, ರಿಪೋರ್ಟಿಂಗ್ ಸರ್ವಿಸಸ್ ಪ್ರಾಜೆಕ್ಟ್‌ಗಳಿಗೆ ಬಿಐಡಿಎಸ್ ಎಂಬ ಬೇರೆಯೇ ಸ್ಟುಡಿಯೊ ಇತ್ತು. 2012ರಲ್ಲಿ ಅದಕ್ಕೂ ಎಸ್‌ಎಸ್‌ಡಿಟಿ ಎಂಬ ಹೆಸರನ್ನೇ ಕೊಟ್ಟರು. ಹಾಗಾಗಿ ಎಸ್‌ಕ್ಯೂಎಲ್ ಸರ್ವರ್‌ನ ಡಿಸ್ಕಿನಿಂದ ಎಸ್‌ಎಸ್‌ಡಿಟಿ ಹಾಕಿಕೊಂಡವರಿಗೆ ರಿಪೋರ್ಟ್ ಟೆಂಪ್ಲೇಟ್‌ಗಳು ಸಿಕ್ಕವು, ಡೇಟಾಬೇಸ್ ಪ್ರಾಜೆಕ್ಟಿಗೆ ಇನ್ನೊಂದು ಡೌನ್‌ಲೋಡ್ ಬೇಕಾಯಿತು. ಡೇಟಾಬೇಸ್ ಪ್ರಾಜೆಕ್ಟ್ ಬಂದವರಿಗೆ ರಿಪೋರ್ಟ್ ಸಿಗಲಿಲ್ಲ. ನಂತರ ಬಿಐ ಭಾಗಕ್ಕೆ ಎಸ್‌ಎಸ್‌ಡಿಟಿ-ಬಿಐ ಎಂಬ ಪ್ರತ್ಯೇಕ ಡೌನ್‌ಲೋಡ್ ಮಾಡಿದರು. 2015ರ ಆವೃತ್ತಿಯಲ್ಲಿ ಎರಡನ್ನೂ ಒಂದೇ ಸೆಟಪ್‌ಗೆ ತಂದರು. 2017ರಲ್ಲಿ ಡೇಟಾಬೇಸ್ ಭಾಗ ವಿಷುವಲ್ ಸ್ಟುಡಿಯೊ ಇನ್‌ಸ್ಟಾಲರ್‌ನೊಳಗೆ ಸೇರಿತು, ಬಿಐ ಭಾಗ ಹೊರಗುಳಿಯಿತು. 2019ರಿಂದ ಎಸ್‌ಎಸ್‌ಡಿಟಿಯ ಪ್ರತ್ಯೇಕ ಸೆಟಪ್ ಫೈಲೇ ಇಲ್ಲ. ಅನಾಲಿಸಿಸ್, ರಿಪೋರ್ಟಿಂಗ್, ಇಂಟಿಗ್ರೇಷನ್ ಮೂರೂ ಒಂದೊಂದು ಎಕ್ಸ್‌ಟೆನ್ಶನ್ ಆಗಿ ಮಾರ್ಕೆಟ್‌ಪ್ಲೇಸ್‌ನಿಂದ ಬರುತ್ತವೆ.

2021ರ ನವೆಂಬರಿನಲ್ಲಿ ಬಂದ ವಿಷುವಲ್ ಸ್ಟುಡಿಯೊ 2022 ಮೊದಲ 64 ಬಿಟ್ ಆವೃತ್ತಿ. ಒಳ್ಳೆಯ ಹೆಜ್ಜೆಯೇ, ಆದರೆ ಹಳೆಯ 32 ಬಿಟ್ ಎಕ್ಸ್‌ಟೆನ್ಶನ್‌ಗಳನ್ನು ಅದು ಎತ್ತಿಕೊಳ್ಳುವುದಿಲ್ಲ. ಪ್ರತಿಯೊಂದನ್ನೂ ಹೊಸದಾಗಿ ಕಟ್ಟಬೇಕಾಯಿತು. ಇಂಟಿಗ್ರೇಷನ್ ಸರ್ವಿಸಸ್‌ನದು ತುಂಬ ತಡವಾಗಿ ಬಂದುದರಿಂದ, ಡೇಟಾ ಸಾಗಣೆಯ ಪ್ಯಾಕೇಜ್‌ಗಳನ್ನೇ ನಂಬಿದ್ದ ತಂಡಗಳು 2019ನ್ನು ಪಕ್ಕದಲ್ಲಿಟ್ಟುಕೊಂಡೇ ಬದುಕಬೇಕಾಯಿತು. ಇಂದಿಗೂ ಅನೇಕ ಯಂತ್ರಗಳಲ್ಲಿ ಎರಡು ವಿಷುವಲ್ ಸ್ಟುಡಿಯೊ ಇರುವುದಕ್ಕೆ ಇದೂ ಒಂದು ಕಾರಣ. ಈ ಸಂಗತಿ ಮುಂದೆ ಮತ್ತೆ ಬರುತ್ತದೆ.

ಈ ಚರಿತ್ರೆ ತಿಳಿದಿದ್ದರೆ ಹುಡುಕಾಟ ತಾನಾಗಿಯೇ ಕಿರಿದಾಗುತ್ತದೆ. ಮೊದಲು ಕೇಳಬೇಕಾದದ್ದು ‘ಎಸ್‌ಎಸ್‌ಡಿಟಿ ಇದೆಯೇ’ ಎಂದಲ್ಲ, ‘ತೆರೆಯದಿರುವ ಪ್ರಾಜೆಕ್ಟ್ ಯಾವ ಬಗೆಯದು’ ಎಂದು. ಸೊಲ್ಯೂಷನ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪ್ರತಿ ಪ್ರಾಜೆಕ್ಟಿನ ಸಾಲಿನಲ್ಲೂ ಬಗೆಯನ್ನು ಹೇಳುವ ಗುರುತುಸಂಖ್ಯೆ ಮೊದಲಿಗೇ ಇರುತ್ತದೆ, ಆಮೇಲೆ ಫೈಲಿನ ಹೆಸರು. 00ಡಿ1ಎ9ಸಿ2 ಎಂದಿದ್ದರೆ ಅದು ಎಸ್‌ಕ್ಯೂಎಲ್‌ಪ್ರೊಜ್. ಸಿ8ಡಿ11400 ಎಂದಿದ್ದರೆ 2010ರ ಕಾಲದ ಡಿಬಿಪ್ರೊಜ್. ಅದಕ್ಕೆ ಇಂದಿನ ಯಾವ ಇನ್‌ಸ್ಟಾಲರ್ ಓಡಿಸಿದರೂ ಪ್ರಯೋಜನವಿಲ್ಲ, ಬದಲಾಯಿಸುವುದೊಂದೇ ದಾರಿ. ಫೈಲಿನ ತುದಿ ಡಿಟಿಪ್ರೊಜ್ ಅಥವಾ ಆರ್‌ಪಿಟಿಪ್ರೊಜ್ ಆಗಿದ್ದರೆ ನಿಮಗೆ ಬೇಕಾದದ್ದು ಮಾರ್ಕೆಟ್‌ಪ್ಲೇಸ್‌ನ ಎಕ್ಸ್‌ಟೆನ್ಶನ್. ಎರಡು ನಿಮಿಷದ ಈ ಓದು ಅರ್ಧ ದಿನದ ಡೌನ್‌ಲೋಡುಗಳನ್ನು ಉಳಿಸುತ್ತದೆ.

ಎಸ್‌ಕ್ಯೂಎಲ್‌ಪ್ರೊಜ್ ಎಂದು ಖಚಿತವಾದ ಮೇಲೆ ಟೂಲ್ ಇದೆಯೋ ಇಲ್ಲವೋ ಎಂಬುದನ್ನು ಮೆನುವೇ ಹೇಳುತ್ತದೆ. ವ್ಯೂ ಮೆನುವಿನಲ್ಲಿ ಎಸ್‌ಕ್ಯೂಎಲ್ ಸರ್ವರ್ ಆಬ್ಜೆಕ್ಟ್ ಎಕ್ಸ್‌ಪ್ಲೋರರ್, ಟೂಲ್ಸ್ ಮೆನುವಿನಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಂಬ ಸಾಲು, ಅದರೊಳಗೆ ಹೊಸ ಸ್ಕೀಮಾ ಹೋಲಿಕೆ: ಇವು ಕಂಡರೆ ಟೂಲ್ ಇದೆ. ಸರ್ವರ್ ಎಕ್ಸ್‌ಪ್ಲೋರರ್ ಕಾಣುತ್ತಿದೆ ಎಂಬುದು ಪುರಾವೆಯಲ್ಲ, ಅದು ಬೇರೆ. ಮ್ಯಾನೇಜ್‌ಮೆಂಟ್ ಸ್ಟುಡಿಯೊ ಹಾಕಿದ್ದೇನೆ ಎಂಬುದೂ ಪುರಾವೆಯಲ್ಲ. ಅದರ ಮತ್ತು ಎಸ್‌ಎಸ್‌ಡಿಟಿಯ ಹೆಸರುಗಳು ಒಂದೇ ಥರ ಕೇಳಿಸುತ್ತವೆ, ಎರಡೂ ಡೇಟಾಬೇಸ್‌ಗೆ ಸಂಬಂಧಿಸಿದವು, ಆದರೆ ಒಂದನ್ನು ಹಾಕಿದರೆ ಇನ್ನೊಂದು ಬರುವುದಿಲ್ಲ.

ಮೆನು ಇಲ್ಲದಿದ್ದರೆ ಇನ್‌ಸ್ಟಾಲರ್ ತೆರೆದು, ಮಾಡಿಫೈ ಒತ್ತಿ, ಡೇಟಾ ಸ್ಟೋರೇಜ್ ಆ್ಯಂಡ್ ಪ್ರೊಸೆಸಿಂಗ್ ಎಂಬ ವರ್ಕ್‌ಲೋಡನ್ನು ಆರಿಸಬೇಕು. ಇಡೀ ವರ್ಕ್‌ಲೋಡ್ ಬೇಡದಿದ್ದರೆ ಇಂಡಿವಿಜುವಲ್ ಕಾಂಪೊನೆಂಟ್ಸ್ ಪಟ್ಟಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಡೇಟಾ ಟೂಲ್ಸ್ ಒಂದನ್ನೇ ಗುರುತು ಹಾಕಬಹುದು. ಇಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ: ಯಾವ ವಿಷುವಲ್ ಸ್ಟುಡಿಯೊಗೆ ಸೇರಿಸುತ್ತಿದ್ದೇವೆ ಎಂಬಲ್ಲಿ. 2017ರಿಂದ ಈಚೆಗೆ ಯಂತ್ರದಲ್ಲಿರುವ ಪ್ರತಿ ವಿಷುವಲ್ ಸ್ಟುಡಿಯೊ ತನ್ನ ಕಾಂಪೊನೆಂಟ್‌ಗಳನ್ನು ತಾನೇ ಇಟ್ಟುಕೊಳ್ಳುತ್ತದೆ. 2019 ಪ್ರೊಫೆಷನಲ್‌ಗೆ ಟೂಲ್ ಸೇರಿಸಿ, ಸೊಲ್ಯೂಷನ್ ಫೈಲಿನ ಮೇಲೆ ಎರಡು ಸಲ ಒತ್ತಿದಾಗ ಅದು 2022ರಲ್ಲಿ ತೆರೆದುಕೊಂಡರೆ, ಪ್ರಾಜೆಕ್ಟ್ ಮತ್ತೆ ಬೂದುಬಣ್ಣದ್ದೇ. ಇದನ್ನು ತಿಳಿಯಲು ಇನ್‌ಸ್ಟಾಲರ್‌ನ ಫೋಲ್ಡರಿನಲ್ಲೇ ಕುಳಿತಿರುವ ವಿಎಸ್‌ವೇರ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ಎಸ್‌ಎಸ್‌ಡಿಟಿ ಕಾಂಪೊನೆಂಟಿನ ಹೆಸರು ಕೊಟ್ಟು ಕೇಳಿದರೆ ಅದು ಯಾವ ಯಾವ ಪ್ರತಿಯಲ್ಲಿದೆ ಎಂದು ಪಟ್ಟಿ ಕೊಡುತ್ತದೆ. ಅಷ್ಟು ಕೆಲಸಕ್ಕೆ ಬರುವ ಈ ಪ್ರೋಗ್ರಾಮಿನ ಪರಿಚಯ ಎಷ್ಟೋ ಅನುಭವಿಗಳಿಗೂ ಇಲ್ಲ.

ಟೂಲ್ ಸರಿಯಾದ ಪ್ರತಿಗೆ ಸೇರಿದ ಮೇಲೂ ಪ್ರಾಜೆಕ್ಟ್ ಹಾಗೆಯೇ ಇರಬಹುದು. ಹಿಂದೆ ಅದನ್ನು ಯಾರಾದರೂ ಅನ್‌ಲೋಡ್ ಮಾಡಿದ್ದರೆ ಆ ನೆನಪು ಸೊಲ್ಯೂಷನ್ ಪಕ್ಕದ ಡಾಟ್ ವಿಎಸ್ ಫೋಲ್ಡರಿನಲ್ಲಿ ಉಳಿದಿರುತ್ತದೆ. ಬಲಗುಂಡಿ ಒತ್ತಿ ರೀಲೋಡ್ ಪ್ರಾಜೆಕ್ಟ್ ಅಂದರೆ ಸಾಕು. ಹೊಸ ಪ್ರಾಜೆಕ್ಟಿನ ಪರದೆಯಲ್ಲಿ ಟೆಂಪ್ಲೇಟ್ ಕಾಣದಿದ್ದರೆ, ಮೇಲಿನ ಭಾಷೆಯ ಫಿಲ್ಟರ್ ಸಿ ಶಾರ್ಪ್‌ನಲ್ಲೇ ನಿಂತಿದೆಯೇ ನೋಡಿ. ಇವೆರಡೂ ಅಲ್ಲದಿದ್ದರೆ ಮಾತ್ರ ಆಳಕ್ಕೆ ಇಳಿಯಬೇಕು. ವಿಷುವಲ್ ಸ್ಟುಡಿಯೊವನ್ನು ಲಾಗ್ ಸ್ವಿಚ್‌ನೊಂದಿಗೆ ಕಮಾಂಡ್ ಪ್ರಾಂಪ್ಟಿನಿಂದ ಶುರುಮಾಡಿದರೆ ಆ್ಯಕ್ಟಿವಿಟಿ ಲಾಗ್ ಎಂಬ ಎಕ್ಸ್‌ಎಂಎಲ್ ಫೈಲ್ ಬರೆಯುತ್ತದೆ. ಯಾವ ಪ್ಯಾಕೇಜ್ ಎತ್ತಿಕೊಳ್ಳುವಾಗ ಎಡವಿತು ಎಂಬುದು ಅಲ್ಲಿ ಸಾಲುಸಾಲಾಗಿ ಸಿಗುತ್ತದೆ. ಒಮ್ಮೆ ಎಡವಿದ ಪ್ಯಾಕೇಜನ್ನು ಮುಂದಿನ ಸಲ ಬಿಟ್ಟುಹೋಗಬೇಕು ಎಂದು ಐಡಿಇ ಗುರುತು ಮಾಡಿಕೊಂಡಿರಬಹುದು, ಅದನ್ನು ಅಳಿಸಲು ಇನ್ನೊಂದು ಸ್ವಿಚ್ ಇದೆ. ಕಾಂಪೊನೆಂಟ್ ಮಾಡೆಲ್ ಕ್ಯಾಶ್ ಫೋಲ್ಡರನ್ನು ತೆಗೆದುಹಾಕುವುದೂ ಅಪಾಯವಿಲ್ಲದ ಉಪಾಯ, ಅದು ಮತ್ತೆ ಹುಟ್ಟಿಕೊಳ್ಳುತ್ತದೆ. ಎಲ್ಲ ಬಿಟ್ಟು ಮೊದಲೇ ರಿಪೇರ್ ಒತ್ತುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಅದು ಗಂಟೆಗಟ್ಟಲೆ ಸಮಯ ತಿನ್ನುತ್ತದೆ, ಆರಿಸದೇ ಇದ್ದ ಕಾಂಪೊನೆಂಟನ್ನು ತಂದು ಸೇರಿಸುವುದೂ ಇಲ್ಲ.

ಕಂಪನಿಯ ಜಾಲದೊಳಗೆ ಇಂಟರ್‌ನೆಟ್ ಬಿಗಿಯಾಗಿರುವ ಕಡೆ ಇನ್ನೊಂದು ಬಗೆಯ ಕಾಣೆಯಾಗುವಿಕೆ ಇದೆ. ಐಟಿ ವಿಭಾಗ ಆಫ್‌ಲೈನ್ ಲೇಔಟ್ ತಯಾರಿಸುವಾಗ ಡೇಟಾ ವರ್ಕ್‌ಲೋಡನ್ನು ಬಿಟ್ಟಿದ್ದರೆ, ಇನ್‌ಸ್ಟಾಲರ್ ಅದನ್ನು ಹೊರಗಿನಿಂದ ತರಲು ಹೋಗಿ ಪ್ರಾಕ್ಸಿಯ ಬಾಗಿಲಲ್ಲಿ ನಿಲ್ಲುತ್ತದೆ. ಡೆವಲಪರ್ ಎಷ್ಟು ಸಲ ಪ್ರಯತ್ನಿಸಿದರೂ ಫಲ ಒಂದೇ. ಟೆಂಪ್ ಫೋಲ್ಡರಿನಲ್ಲಿ ಡಿಡಿ ಎಂದು ಶುರುವಾಗುವ ಲಾಗ್‌ಗಳನ್ನು ಐಟಿಯವರಿಗೆ ಕಳಿಸಿದರೆ ಮಾತು ಬೇಗ ಮುಗಿಯುತ್ತದೆ.

ಇಲ್ಲಿಯವರೆಗಿನದು ನಮ್ಮ ಮೇಜಿನ ಮೇಲಿನ ಯಂತ್ರದ ಮಾತು. ನಿಜವಾದ ಕಗ್ಗಂಟು ಇರುವುದು ಬಿಲ್ಡ್ ಸರ್ವರ್‌ನಲ್ಲಿ. ಅಲ್ಲಿ ಬೂದುಬಣ್ಣದ ಪ್ರಾಜೆಕ್ಟ್ ಕಾಣುವುದಿಲ್ಲ, ಎಂಎಸ್‌ಬಿ4019 ಎಂಬ ದೋಷ ಕಾಣುತ್ತದೆ: ಆಮದು ಮಾಡಿಕೊಳ್ಳಬೇಕಿದ್ದ ಎಸ್‌ಕ್ಯೂಎಲ್ ಟಾಸ್ಕ್ಸ್ ಟಾರ್ಗೆಟ್ಸ್ ಫೈಲ್ ಸಿಗಲಿಲ್ಲ, ದಾರಿ ಸರಿಯಿದೆಯೇ ನೋಡಿ ಎನ್ನುತ್ತದೆ. ಅದು ಕೊಡುವ ದಾರಿಯಲ್ಲಿ ‘ವಿ11.0’ ಎಂಬ ಫೋಲ್ಡರಿನ ಹೆಸರಿರುತ್ತದೆ. 11.0 ಅಂದರೆ ವಿಷುವಲ್ ಸ್ಟುಡಿಯೊ 2012ರ ಒಳಸಂಖ್ಯೆ. ಸರ್ವರ್‌ನಲ್ಲಿರುವುದು 2022, ದೋಷ ಕೇಳುತ್ತಿರುವುದು 2012. ಇದನ್ನು ನಂಬಿ ಹತ್ತು ವರ್ಷಕ್ಕೂ ಹಳೆಯ ಸಾಫ್ಟ್‌ವೇರನ್ನು ಹುಡುಕಿ ತಂದು ಬಿಲ್ಡ್ ಸರ್ವರ್‌ಗೆ ತುಂಬಿದ ತಂಡಗಳಿವೆ.

ಏನಾಗುತ್ತಿದೆ ಎಂಬುದನ್ನು ಎಸ್‌ಕ್ಯೂಎಲ್‌ಪ್ರೊಜ್ ಫೈಲಿನೊಳಗೇ ಓದಬಹುದು. ಅದರಲ್ಲಿ ಮೂರು ಸಾಲುಗಳು ಒಂದರ ಕೆಳಗೊಂದು ಇರುತ್ತವೆ. ಮೊದಲನೆಯದು, ವಿಷುವಲ್ ಸ್ಟುಡಿಯೊ ಆವೃತ್ತಿ ಯಾವುದು ಎಂದು ಯಾರೂ ಹೇಳದಿದ್ದರೆ 11.0 ಎಂದು ಇಟ್ಟುಕೋ ಎನ್ನುತ್ತದೆ. ಎರಡನೆಯದು, ಈಗ ಓಡುತ್ತಿರುವ ಆವೃತ್ತಿಯ ಫೋಲ್ಡರಿನಲ್ಲಿ ಎಸ್‌ಎಸ್‌ಡಿಟಿಯ ಟಾರ್ಗೆಟ್ಸ್ ಫೈಲ್ ಇದೆಯೇ ನೋಡು ಎನ್ನುತ್ತದೆ. ಮೂರನೆಯದು, ಇಲ್ಲದಿದ್ದರೆ ಆವೃತ್ತಿಯನ್ನು 11.0 ಎಂದು ಬದಲಾಯಿಸು ಎನ್ನುತ್ತದೆ. ಅಂದರೆ 2022ರ ಫೋಲ್ಡರಿನಲ್ಲಿ ಟೂಲ್ ಇಲ್ಲದಿದ್ದಾಗ ಪ್ರಾಜೆಕ್ಟ್ ಸದ್ದಿಲ್ಲದೆ ಹಳೆಯ ಸಂಖ್ಯೆಗೆ ಹಿಂದೆ ಸರಿದು, ಅಲ್ಲಿಯೂ ಸಿಗದೆ, ಆ ಹಳೆಯ ದಾರಿಯ ಹೆಸರಿನಲ್ಲಿ ದೂರು ಕೊಡುತ್ತದೆ. 2012ರಲ್ಲಿ ಸದುದ್ದೇಶದಿಂದ ಬರೆದ ಸಾಲುಗಳು ಅವು. ದೋಷದ ಸಾಲಿನಲ್ಲಿ 11.0 ಕಂಡಾಗ ಅದನ್ನು ಓದಬೇಕಾದ ರೀತಿ ಇಷ್ಟೇ: ಈಗಿನ ಆವೃತ್ತಿಗೆ ಡೇಟಾ ಟೂಲ್ಸ್ ಇಲ್ಲ.

ಪರಿಹಾರ ಎಂದರೆ, ಬಿಲ್ಡ್ ಟೂಲ್ಸ್ ಎಂಬ ಹಗುರ ಆವೃತ್ತಿಯೊಂದಿಗೆ ಡೇಟಾ ಬಿಲ್ಡ್ ಟೂಲ್ಸ್ ವರ್ಕ್‌ಲೋಡನ್ನು ಸರ್ವರ್‌ಗೆ ಸೇರಿಸುವುದು. ಪೂರ್ಣ ವಿಷುವಲ್ ಸ್ಟುಡಿಯೊ ಬೇಕಿಲ್ಲ. ಸರ್ವರ್ ಮೇಲೆ ಹಿಡಿತವಿಲ್ಲದವರಿಗೆ ನ್ಯೂಗೆಟ್‌ನಲ್ಲಿ ಮೈಕ್ರೊಸಾಫ್ಟ್ ಡೇಟಾ ಟೂಲ್ಸ್ ಎಂಎಸ್‌ಬಿಲ್ಡ್ ಎಂಬ ಪ್ಯಾಕೇಜ್ ಇದೆ. ಅದನ್ನು ಇಳಿಸಿಕೊಂಡು ಎಸ್‌ಎಸ್‌ಡಿಟಿ ಪಾತ್ ಮುಂತಾದ ಎರಡು ಪ್ರಾಪರ್ಟಿಗಳನ್ನು ಅದರತ್ತ ತಿರುಗಿಸಿದರೆ ಬಿಲ್ಡ್ ನಡೆಯುತ್ತದೆ. ಆದರೆ ಇವೆರಡೂ ವಿಂಡೋಸ್‌ನ ಮಾತು. ಹಳೆಯ ಬಗೆಯ ಎಸ್‌ಕ್ಯೂಎಲ್‌ಪ್ರೊಜ್ ಬಿಲ್ಡ್ ಆಗುವುದು ಡಾಟ್‌ನೆಟ್ ಫ್ರೇಮ್‌ವರ್ಕ್ ಮೇಲೆ. ಲಿನಕ್ಸ್ ರನ್ನರಿನಲ್ಲಿ, ಮ್ಯಾಕ್‌ನಲ್ಲಿ, ಅಥವಾ ವಿಂಡೋಸ್‌ನಲ್ಲೇ ಡಾಟ್‌ನೆಟ್ ಬಿಲ್ಡ್ ಆದೇಶದಿಂದ ಓಡಿಸಿದರೆ ಅದೇ ಎಂಎಸ್‌ಬಿ4019 ಮತ್ತೆ ಬರುತ್ತದೆ. ಮ್ಯಾಕ್‌ಗೆ ಬಂದಿದ್ದ ವಿಷುವಲ್ ಸ್ಟುಡಿಯೊದಲ್ಲಿ ಎಸ್‌ಎಸ್‌ಡಿಟಿ ಯಾವತ್ತೂ ಇರಲಿಲ್ಲ, ಆ ವಿಷುವಲ್ ಸ್ಟುಡಿಯೊವೇ 2024ರ ಆಗಸ್ಟ್‌ನಲ್ಲಿ ನಿವೃತ್ತವಾಯಿತು.

ಟೂಲ್ ಇದ್ದೂ ಇಲ್ಲದಂತಾಗುವ ಪ್ರಸಂಗಗಳೂ ಇವೆ. ಪ್ರಾಜೆಕ್ಟಿಗೆ ಒಂದು ಗುರಿ ವೇದಿಕೆ ಇರುತ್ತದೆ: ಎಸ್‌ಕ್ಯೂಎಲ್ ಸರ್ವರ್ 2016ಕ್ಕೆ 130, 2019ಕ್ಕೆ 150, 2022ಕ್ಕೆ 160. ಹೊಸ ಗುರಿಯಿಟ್ಟು ಉಳಿಸಿದ ಪ್ರಾಜೆಕ್ಟನ್ನು ಆ ಸಂಖ್ಯೆಯ ಪರಿಚಯವಿಲ್ಲದ ಹಳೆಯ ಟೂಲ್‌ನಲ್ಲಿ ತೆರೆದರೆ ಅದು ಕೈಚೆಲ್ಲುತ್ತದೆ. ಇನ್ನೊಂದು, ಮಾಸ್ಟರ್ ಡೇಟಾಬೇಸಿನ ಡ್ಯಾಕ್‌ಪ್ಯಾಕಿಗೆ ಕೊಟ್ಟ ರೆಫರೆನ್ಸ್. ಅದರ ದಾರಿ ವಿಷುವಲ್ ಸ್ಟುಡಿಯೊದ ಫೋಲ್ಡರಿನೊಳಗೆ ಹೋಗುತ್ತದೆ. ಐಡಿಇ ಆವೃತ್ತಿ ಬದಲಾದಾಗ, ಅಥವಾ ಸಿ ಡ್ರೈವಿನ ಬದಲು ಡಿ ಡ್ರೈವಿನಲ್ಲಿ ಹಾಕಿದಾಗ ಆ ದಾರಿ ಕಡಿಯುತ್ತದೆ, ಪ್ರಾಜೆಕ್ಟ್ ತೆರೆದುಕೊಂಡರೂ ಎಸ್‌ಕ್ಯೂಎಲ್71501, 71561 ಎಂಬ ದೋಷಗಳು ನೂರಾರು ಸಾಲು ಸುರಿಯುತ್ತವೆ. ಅಷ್ಟೊಂದು ಕೆಂಪು ಕಂಡು ಕೋಡೇ ಹಾಳಾಯಿತೆಂದು ಹೆದರುವವರುಂಟು. ಕಾಣೆಯಾಗಿರುವುದು ಒಂದೇ ಒಂದು ಫೈಲ್. ರೆಫರೆನ್ಸ್ ತೆಗೆದು ಮತ್ತೆ ಸೇರಿಸಿದರೆ ಎಲ್ಲವೂ ಒಟ್ಟಿಗೇ ಮಾಯವಾಗುತ್ತವೆ.

ಈ ಎಲ್ಲ ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ಕಾಣುವ ಮೂಲ ದೋಷ ಒಂದೇ. ಪ್ರಾಜೆಕ್ಟನ್ನು ಕಟ್ಟುವ ಸಾಮರ್ಥ್ಯ ಪ್ರಾಜೆಕ್ಟಿನಲ್ಲಿ ಇರಲಿಲ್ಲ, ಅದನ್ನು ತೆರೆದ ಯಂತ್ರದಲ್ಲಿತ್ತು. ಸೋರ್ಸ್ ಕಂಟ್ರೋಲ್‌ನಿಂದ ಕೋಡ್ ಇಳಿಸಿಕೊಂಡವರ ಯಂತ್ರದಲ್ಲಿ ಇಂಥ ಆವೃತ್ತಿಯ ಇಂಥ ಟೂಲ್ ಇರುತ್ತದೆ ಎಂಬ ಊಹೆ, ಎಲ್ಲರೂ ಒಂದೇ ಬಗೆಯ ಡೆಸ್ಕ್‌ಟಾಪ್ ಬಳಸುತ್ತಿದ್ದ ಕಾಲಕ್ಕೆ ನಡೆಯಿತು. ಬೆಂಗಳೂರಿನ ಒಬ್ಬರು ಮ್ಯಾಕ್‌ನಲ್ಲಿ, ಮೈಸೂರಿನ ಇನ್ನೊಬ್ಬರು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ, ಬಿಲ್ಡ್ ಮಾತ್ರ ಎಲ್ಲೋ ಒಂದು ಲಿನಕ್ಸ್ ಕಂಟೇನರಿನಲ್ಲಿ ನಡೆಯುವ ಈ ದಿನಗಳಲ್ಲಿ ಅದು ನಡೆಯುವುದಿಲ್ಲ.

ಕಟ್ಟುವ ಸಾಮರ್ಥ್ಯವನ್ನು ಪ್ರಾಜೆಕ್ಟಿನಲ್ಲೇ ಇಡುವುದು ಇದಕ್ಕೆ ದಾರಿ, ಮೈಕ್ರೊಸಾಫ್ಟ್ ಕೂಡ ಕೊನೆಗೆ ಅದೇ ದಾರಿಗೆ ಬಂದಿದೆ. ಅದಕ್ಕೂ ಮೊದಲು ಎಂಎಸ್‌ಬಿಲ್ಡ್ ಎಸ್‌ಡಿಕೆ ಎಸ್‌ಕ್ಯೂಎಲ್‌ಪ್ರೊಜ್ ಎಂಬ ಮುಕ್ತ ಆಕರದ ಯೋಜನೆ ಆ ದಾರಿಯನ್ನು ತೋರಿಸಿತ್ತು ಎಂಬುದನ್ನು ಮರೆಯಬಾರದು; ಲಿನಕ್ಸ್‌ನಲ್ಲಿ ಡ್ಯಾಕ್‌ಪ್ಯಾಕ್ ಕಟ್ಟಬೇಕೆಂದಿದ್ದವರನ್ನು ಕಾಪಾಡಿದ್ದು ಅದೇ. ಈಗ ಮೈಕ್ರೊಸಾಫ್ಟ್ ಬಿಲ್ಡ್ ಎಸ್‌ಕ್ಯೂಎಲ್ ಎಂಬ ಅಧಿಕೃತ ಎಸ್‌ಡಿಕೆ ಇದೆ, 2025ರಲ್ಲಿ ಅದರ 1.0 ಆವೃತ್ತಿ ಬಂತು. ಪ್ರಾಜೆಕ್ಟ್ ಫೈಲಿನ ತಲೆಯಲ್ಲಿ ಎಸ್‌ಡಿಕೆಯ ಹೆಸರು ಮತ್ತು ಆವೃತ್ತಿಸಂಖ್ಯೆ ಬರೆದಿರುತ್ತದೆ. ಡಾಟ್‌ನೆಟ್ ಬಿಲ್ಡ್ ಎಂದಾಗ ನ್ಯೂಗೆಟ್‌ನಿಂದ ಅಷ್ಟನ್ನೇ ಇಳಿಸಿಕೊಂಡು ಯಾವ ಆಪರೇಟಿಂಗ್ ಸಿಸ್ಟಮ್‌ನಲ್ಲಾದರೂ ಡ್ಯಾಕ್‌ಪ್ಯಾಕ್ ಕಟ್ಟಿಕೊಡುತ್ತದೆ. ಪ್ರತಿ ಎಸ್‌ಕ್ಯೂಎಲ್ ಫೈಲಿನ ಹೆಸರನ್ನೂ ಪ್ರಾಜೆಕ್ಟ್ ಫೈಲಿನಲ್ಲಿ ಪಟ್ಟಿ ಮಾಡಬೇಕಿಲ್ಲ, ಹಾಗಾಗಿ ಇಬ್ಬರು ಒಂದೇ ದಿನ ಹೊಸ ಟೇಬಲ್ ಸೇರಿಸಿದಾಗ ಬರುತ್ತಿದ್ದ ಮರ್ಜ್ ಜಗಳವೂ ಬಹುಮಟ್ಟಿಗೆ ತಪ್ಪುತ್ತದೆ. ಡಿಪ್ಲಾಯ್ ಮಾಡುವ ಎಸ್‌ಕ್ಯೂಎಲ್‌ಪ್ಯಾಕೇಜ್ ಕೂಡ ಎಲ್ಲ ಕಡೆ ಓಡುತ್ತದೆ.

ಎಲ್ಲವೂ ಸಲೀಸಾಗಿದೆ ಎನ್ನುವಂತಿಲ್ಲ. ವಿಷುವಲ್ ಸ್ಟುಡಿಯೊ 2022ಕ್ಕೆ 2024ರಲ್ಲಿ ಎಸ್‌ಡಿಕೆ ಶೈಲಿಯ ಎಸ್‌ಎಸ್‌ಡಿಟಿ ಪ್ರೀವ್ಯೂ ಆಗಿ ಬಂದಾಗ ಅದನ್ನೂ ಮೂಲ ಎಸ್‌ಎಸ್‌ಡಿಟಿಯನ್ನೂ ಒಂದೇ ಪ್ರತಿಯಲ್ಲಿ ಒಟ್ಟಿಗೆ ಇಡಲಾಗದು ಎಂಬ ಷರತ್ತಿತ್ತು. ಒಂದನ್ನು ಹಾಕಲು ಹೋದರೆ ಇನ್ನೊಂದು ಕಾಣೆಯಾಗುವ ಹೊಸ ಬಗೆ ಇದು. ಮ್ಯಾಕ್ ಮತ್ತು ಲಿನಕ್ಸ್‌ನವರು ಅಜೂರ್ ಡೇಟಾ ಸ್ಟುಡಿಯೊದಲ್ಲಿ ಡೇಟಾಬೇಸ್ ಪ್ರಾಜೆಕ್ಟ್ ತೆರೆಯುವುದನ್ನು ರೂಢಿ ಮಾಡಿಕೊಂಡಿದ್ದರು. 2026ರ ಫೆಬ್ರುವರಿ 28ಕ್ಕೆ ಅದರ ಬೆಂಬಲವೂ ಕೊನೆ ಎಂದು ಮೈಕ್ರೊಸಾಫ್ಟ್ ಪ್ರಕಟಿಸಿತು. ಅವರಿಗೀಗ ವಿಷುವಲ್ ಸ್ಟುಡಿಯೊ ಕೋಡ್‌ನ ಎಸ್‌ಕ್ಯೂಎಲ್ ಡೇಟಾಬೇಸ್ ಪ್ರಾಜೆಕ್ಟ್ಸ್ ಎಕ್ಸ್‌ಟೆನ್ಶನ್ನೇ ಮನೆ. ಮೈಗ್ರೇಶನ್ ಪದ್ಧತಿಯ ಫ್ಲೈವೇ, ಲಿಕ್ವಿಬೇಸ್‌ಗಳಿಗೆ ಈ ಅಲೆದಾಟ ಎಂದೂ ಇರಲಿಲ್ಲ, ಏಕೆಂದರೆ ಅವು ಐಡಿಇಯನ್ನು ನಂಬಿ ಹುಟ್ಟಿದವಲ್ಲ. ಆದರೂ ನೂರಾರು ಪ್ರೊಸೀಜರ್‌ಗಳಿರುವ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸಿಗೆ ಡೇಟಾಬೇಸ್ ಪ್ರಾಜೆಕ್ಟ್ ಕೊಡುವ ಪರಿಶೀಲನೆಯನ್ನು ಅವು ಕೊಡುವುದಿಲ್ಲ. ಕಾಲಮ್ ಹೆಸರು ಬದಲಾದಾಗ ಯಾವ ಪ್ರೊಸೀಜರ್ ಮುರಿಯಿತು ಎಂದು ಬಿಲ್ಡ್ ಸಮಯದಲ್ಲೇ ತಿಳಿಯುವ ಅನುಕೂಲವನ್ನು, ಟೂಲ್ ಹುಡುಕುವ ಬೇಸರಕ್ಕಾಗಿ ಕೈಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಹಳೆಯ ಎಸ್‌ಕ್ಯೂಎಲ್‌ಪ್ರೊಜ್ ಇರುವ ತಂಡಗಳು ಒಂದೇ ಏಟಿಗೆ ಎಲ್ಲವನ್ನೂ ಬದಲಾಯಿಸಬೇಕಿಲ್ಲ. ವಿಷುವಲ್ ಸ್ಟುಡಿಯೊ ಇನ್‌ಸ್ಟಾಲರ್‌ನಲ್ಲಿ ಎಕ್ಸ್‌ಪೋರ್ಟ್ ಕಾನ್ಫಿಗರೇಶನ್ ಒತ್ತಿದರೆ ಡಾಟ್ ವಿಎಸ್‌ಕಾನ್ಫಿಗ್ ಎಂಬ ಸಣ್ಣ ಫೈಲ್ ಸಿಗುತ್ತದೆ. ಅದನ್ನು ಸೊಲ್ಯೂಷನ್ ಪಕ್ಕದಲ್ಲಿ ಇಟ್ಟು ಕಮಿಟ್ ಮಾಡಿದರೆ, ಟೂಲ್ ಇಲ್ಲದ ಯಂತ್ರದಲ್ಲಿ ಸೊಲ್ಯೂಷನ್ ತೆರೆದಾಗ ವಿಷುವಲ್ ಸ್ಟುಡಿಯೊವೇ ಅದನ್ನು ಓದಿ ಇಂಥ ಕಾಂಪೊನೆಂಟ್ ಬೇಕು, ಹಾಕಲೇ ಎಂದು ಕೇಳುತ್ತದೆ. 2019ರಿಂದ ಇರುವ ಈ ಸೌಲಭ್ಯವನ್ನು ಬಳಸುವ ತಂಡಗಳು ಅಚ್ಚರಿಯಾಗುವಷ್ಟು ಕಡಿಮೆ. ಹೊಸದಾಗಿ ಸೇರಿದವರಿಗೆ ಹತ್ತು ಪುಟದ ಸೆಟಪ್ ಡಾಕ್ಯುಮೆಂಟ್ ಕೊಟ್ಟು, ಅದರಲ್ಲೂ 2017ರ ಲಿಂಕ್‌ಗಳನ್ನು ಉಳಿಸಿಕೊಳ್ಳುವ ಬದಲು ಈ ಒಂದು ಫೈಲ್ ಇಟ್ಟರೆ ಅವರ ಮೊದಲ ದಿನ ಕೆಲಸದಲ್ಲಿ ಕಳೆಯುತ್ತದೆ.

ಎಸ್‌ಡಿಕೆ ಶೈಲಿಗೆ ಹೋಗುವವರು ಮೊದಲು ಒಂದು ಬ್ರಾಂಚ್ ತೆಗೆದು, ಹಳೆಯ ಬಗೆಯಲ್ಲಿ ಕಟ್ಟಿದ ಡ್ಯಾಕ್‌ಪ್ಯಾಕ್ ಮತ್ತು ಹೊಸ ಬಗೆಯಲ್ಲಿ ಕಟ್ಟಿದ ಡ್ಯಾಕ್‌ಪ್ಯಾಕ್ ಎರಡರಿಂದಲೂ ಒಂದೇ ಡೇಟಾಬೇಸಿಗೆ ಡಿಪ್ಲಾಯ್ ಸ್ಕ್ರಿಪ್ಟ್ ತೆಗೆಸಿ ಹೋಲಿಸಬೇಕು. ಸ್ಕ್ರಿಪ್ಟ್ ತೆಗೆಸುವುದಷ್ಟೇ, ಓಡಿಸುವುದಲ್ಲ. ಎರಡೂ ಒಂದೇ ಆಗಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ವ್ಯತ್ಯಾಸ ಕಂಡರೆ ಕೊಲೇಶನ್, ಗುರಿ ವೇದಿಕೆ, ಪೋಸ್ಟ್ ಡಿಪ್ಲಾಯ್‌ಮೆಂಟ್ ಸ್ಕ್ರಿಪ್ಟ್ ಈ ಮೂರನ್ನು ಮೊದಲು ನೋಡಿ. ಹೊಸ ಬಗೆಯಲ್ಲಿ ಫೋಲ್ಡರಿನ ಎಲ್ಲ ಎಸ್‌ಕ್ಯೂಎಲ್ ಫೈಲ್‌ಗಳೂ ತಾವಾಗಿ ಬಿಲ್ಡಿಗೆ ಸೇರಿಬಿಡುತ್ತವೆ. ಹಿಂದೆ ಯಾರೋ ಪಕ್ಕಕ್ಕಿಟ್ಟಿದ್ದ ಅರ್ಧ ಬರೆದ ಟೇಬಲ್ ಒಂದು ಈಗ ಮಾದರಿಯೊಳಗೆ ಬಂದಿದ್ದರೆ ಆ ಸ್ಕ್ರಿಪ್ಟಿನಲ್ಲಿ ಅದು ಹೊಸ ಕ್ರಿಯೇಟ್ ಟೇಬಲ್ ಆಗಿ ಕಾಣಿಸುತ್ತದೆ, ಅದನ್ನು ಪ್ರಾಜೆಕ್ಟ್ ಫೈಲಿನಲ್ಲಿ ಹೆಸರು ಹೇಳಿ ಹೊರಗಿಡಬೇಕಾಗುತ್ತದೆ.